ದಂಪತಿ ಸಮೇತ ಸನ್ಮಾನ

"ನಗಬ್ಯಾಡ್ರಿ, ಇದು ತಮಾಷೆ ಅಲ್ಲ," ಎಂದು ಹಾಸ್ಯ ಕಲಾವಿದರು ವೇದಿಕೆಯಿಂದ ಹೇಳಿದಾಗ ಹರಿಹರದ ಸಭಾಂಗಣ ಇನ್ನೂ ಜೋರಾಗಿ ನಕ್ಕಿತು.

ಇಸವಿ 1998, ಮೊದಲು 97 ಎಂದು ಬರೆದು, ಆಮಂತ್ರಣ ಪತ್ರಿಕೆ ನೋಡಿ ತಿದ್ದಿದ್ದೇನೆ. ನಾಟಕಗಳಲ್ಲೂ ಹೆಸರಾಗಿದ್ದ ದಾವಣಗೆರೆಯ ಈ ನಟರಿಗೆ ಅಂದು ಸನ್ಮಾನವಿತ್ತು. ಮದುವೆಯಾಗಿದೆಯೇ ಎಂದು ವಿಚಾರಿಸದೆ ಸಂಘಟಕರು ರೂಢಿಯಂತೆ ದಂಪತಿಗಾಗಿ ಎರಡು ಕುರ್ಚಿ ಹಾಕಿಸಿದ್ದರು. ನಟರು ತಮ್ಮ ಹಾರ್ಮೋನಿಯಂ ವಾದಕರನ್ನು ಕೈಹಿಡಿದು ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡಿದ್ದರು.

"ವಿನೋಬನಗರದಾಗೆ ನನ್ನ ಸಂಸಾರ ಅಂತ ಇರೋದು ಇವರ ಜೊತೇಲೇ ರೀ. ಯುಗಾದಿಗೆ ಬಂದೋರು, ಮತ್ತೆ ಹೋಗ್ಲಿಲ್ಲ."

ನಗು ಥಟ್ಟನೆ ನಿಂತಿತು. ಶಾಲು ಹೊದಿಸಬೇಕಾದ ಅತಿಥಿ, ರಂಗಭೂಮಿಯ ಇತಿಹಾಸ ಬರೆಯುವ ನಾನು. ಎಲ್ಲರೂ ನನ್ನತ್ತಲೇ ನೋಡಿದರು. ಬೆವರುತ್ತಿದ್ದ ವಾದಕರು ಗೊಣಗಿದ್ದು ಮೈಕಿನಲ್ಲಿ ಕೇಳಿಸಿತು: "ಯುಗಾದಿ ಎಲ್ಲಿ ಬಂತ್ರಿ? ದೀಪಾವಳಿ! ಇವರಿಗೆ ಒಂದೂ ನೆನಪಿರಂಗಿಲ್ಲ."

"ನಮ್ಮನಿಯೋರೂ ಥೇಟ್ ಹಿಂಗೇ ನೋಡವ್ವ!" ಎಂದು ಮುಂದಿನ ಸಾಲಿನ ಅಜ್ಜಿಯೊಬ್ಬರು ಪಕ್ಕದಾಕೆಗೆ ಗಟ್ಟಿಯಾಗಿಯೇ ಹೇಳಿದರು. ಸಭೆ ಮತ್ತೆ ನಕ್ಕಿತು, ಈ ಬಾರಿ ಅವರಿಬ್ಬರನ್ನೂ ಜೊತೆಗೂಡಿಸಿಕೊಂಡು. ನಾನು ಒಂದೇ ಶಾಲನ್ನು ಇಬ್ಬರ ಹೆಗಲಿಗೂ ಹೊದಿಸಿದೆ.

ಯಾವ ವರ್ಷದ ದೀಪಾವಳಿ ಎಂದು ಕೇಳಬೇಕೆಂದಿದ್ದೆ. ಮೆಟ್ಟಿಲಿಳಿಯುವಾಗಲೂ ಅವರಿಬ್ಬರೂ ಯುಗಾದಿಯೋ ದೀಪಾವಳಿಯೋ ಎಂದೇ ವಾದಿಸುತ್ತಿದ್ದರು. ದಿನಾಂಕವೊಂದನ್ನು ಖಚಿತಪಡಿಸಿಕೊಳ್ಳದೆ ನಾನು ಸಂತೋಷವಾಗಿ ಮನೆಗೆ ಮರಳಿದ್ದು ಅಂದು ಮಾತ್ರ.