ಬಳಿ ಬೇರೆ ಎಂದು ನಂಬಿದ್ದು

ಎರಡು ವರ್ಷ ತುಂಬುವ ಹೊತ್ತಿಗೆ ಮಗಳು ಕಲಿತದ್ದನ್ನೆಲ್ಲ ಒಂದೊಂದಾಗಿ ಬಿಡತೊಡಗಿದಳು. ಗೋಡೆ ಹಿಡಿದು ನಡೆಯುತ್ತಿದ್ದವಳು ಕೂತಲ್ಲೇ ವಾಲಿದಳು. ಅಮ್ಮನಾದ ನನ್ನನ್ನು ‘ಅಬ್ಬಿ’ ಎಂದು ಕರೆಯುವುದೂ ನಿಂತಿತು. ಘಟ್ಟದ ಮೇಲಿನಿಂದ ಕುಂದಾಪುರಕ್ಕೆ ಬಂದಿದ್ದ ಡಾಕ್ಟರು ಮೊದಲ ದಿನವೇ ಕೇಳಿದ್ದರು, “ಮದುವೆಗೆ ಮುಂಚೆ ನೀವಿಬ್ಬರು ಸಂಬಂಧಿಕರಾ?” “ಛೆ ಛೆ, ಇಲ್ಲ” ಎಂದಿದ್ದೆ.

ಸುಳ್ಳು ಹೇಳಿದ್ದಲ್ಲ ಮಾರಾಯ್ರೆ. ನಮ್ಮಲ್ಲಿ ಬಳಿ, ಅಂದರೆ ಕುಲ, ಬರುವುದು ತಾಯಿಯ ಕಡೆಯಿಂದ. ಒಂದೇ ಬಳಿಯವರೆಂದರೆ ಅಣ್ಣ ತಂಗಿಯ ಲೆಕ್ಕ, ಮದುವೆ ಇಲ್ಲ. ನನ್ನ ಗಂಡ ನನ್ನ ಸೋದರಮಾವನ ಮಗನಾದರೂ ಬಳಿ ಬೇರೆ. ಅದನ್ನು ಸಂಬಂಧವೆಂದು ಹೇಳಬೇಕೆಂದೇ ನನಗೆ ಹೊಳೆಯಲಿಲ್ಲ. ಟಾನಿಕ್ಕು, ಎಣ್ಣೆ ತಿಕ್ಕುವುದು, ಹರಕೆ ಎಂದು ಒಂದು ವರ್ಷ ಹೋಯಿತು.

ಆಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಒಬ್ಬರು ಡಾಕ್ಟರಮ್ಮ ಹಾಳೆಯ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ ಬರೆಯುತ್ತ, “ನಿಮ್ಮ ಅಮ್ಮನಿಗೆ ಅಣ್ಣ ಇದ್ದಾರಾ?” ಎಂದರು.

“ಇದ್ದಾರೆ. ಇವರ ಅಪ್ಪ” ಎಂದು ಪಕ್ಕದಲ್ಲಿದ್ದ ಗಂಡನನ್ನು ತೋರಿಸಿದೆ.

ಡಾಕ್ಟರಮ್ಮನ ಪೆನ್ನು ನಿಂತಿತು.

ರಕ್ತಪರೀಕ್ಷೆಯ ವರದಿ ಬಂದ ಮೇಲೆ ಬಿಡಿಸಿ ಹೇಳಿದರು. ಒಂದೇ ದೋಷ ನಮ್ಮಿಬ್ಬರಲ್ಲೂ ಅಡಗಿತ್ತು, ಒಂದೇ ಅಜ್ಜ ಅಜ್ಜಿಯಿಂದ ಬಂದದ್ದಿರಬೇಕು. ಒಬ್ಬರಿಂದ ಮಾತ್ರ ಬಂದರೆ ತೊಂದರೆಯಿಲ್ಲ. ಮಗಳಿಗೆ ಇಬ್ಬರಿಂದಲೂ ಬಂದಿದೆ. ಗುಣವಾಗುವ ಮದ್ದಿಲ್ಲ ಎಂದರು. ಅಳಬೇಕಿತ್ತು. ಆದರೆ ನನಗೆ ನೆನಪಾದದ್ದು ಇನ್ನೊಂದು. ಬರುವ ಭಾನುವಾರ ಬಿಜೂರಿನ ತವರಿನಲ್ಲಿ ತಂಗಿಯ ನಿಶ್ಚಿತಾರ್ಥ. ಹುಡುಗ ನನ್ನ ಗಂಡನ ತಮ್ಮ.

ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿ, ನಿಶ್ಚಿತಾರ್ಥ ಸದ್ಯಕ್ಕೆ ಬೇಡ ಎಂದೆ. ಅಮ್ಮ ರೇಗಿದರು, “ಎಂತ ಹೆಣೆ, ನಿನ್ ಮಗಿಗ್ ಹೀಂಗಾಯ್ತಂದೇಳಿ ತಂಗಿ ಮದಿ ನಿಲ್ಸುದಾ? ಬಳಿ ಬೇರೆ ಅಲ್ದಾ?”

“ಈ ಕಾಯ್ಲೆ ಬಳಿ ಕೇಂಡ್ಕಂಡ್ ಬತ್ತಿಲ್ಲ ಅಬ್ಬಿ! ಇಬ್ರದ್ದೂ ರಕ್ತ ಒಂದ್ಸಲ ಟೆಸ್ಟ್ ಮಾಡ್ಸಿ” ಎಂದು ಕಿರುಚಿದೆ. ಅಮ್ಮ ಫೋನ್ ಇಟ್ಟುಬಿಟ್ಟರು.

ಮರುದಿನ ತ್ರಾಸಿಯ ನಮ್ಮ ಮನೆಗೆ ತಂಗಿ ಬಂದಳು. ಅವಳಿಗೆ ಆ ಹುಡುಗನೆಂದರೆ ಪ್ರಾಣ. ಅತ್ತು ಅತ್ತು ಮುಖ ಊದಿತ್ತು. ಜಗಲಿಯಲ್ಲಿ ನನ್ನ ಗಂಡ ಮಗಳನ್ನು ಮಡಿಲಲ್ಲಿ ಒರಗಿಸಿಕೊಂಡು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು.

“ಅಕ್ಕ, ಮೊದ್ಲೇ ಗೊತ್ತಿದ್ದಿರೆ ನೀ ಭಾವನ್ನ ಮದಿ ಆತಿದ್ಯಾ?”

ಹೇಗೆ ಹೇಳಲಿ? ಹೇಳದೆ ಹೇಗಿರಲಿ?

“ಇಲ್ಲ” ಎಂದೆ.

ಗಂಡ ತಲೆಯೆತ್ತಲಿಲ್ಲ. ಮಗಳ ಕಟವಾಯಿ ಒರೆಸಿ, ತಂಗಿಗೆ ಹೇಳಿದರು, “ಟೆಸ್ಟಿಗ್ ಯಾವತ್ ಹೋಪ್ದ್ ಹೇಳ್. ತಮ್ಮನ್ನ ನಾನೇ ಕರ್ಕಂಡ್ ಬತ್ತೆ.”