ಕೆಂಪಾಗದ ಕತ್ತಿ

ನನಗೆ ಅನುಮಾನ ಸ್ವಲ್ಪ ಜಾಸ್ತಿ. ಹಾಲು ತೆಳ್ಳಗಿದ್ದರೆ ಹಸುವಿನ ಮೇಲೂ ಕಣ್ಣಿಡುವ ಮನುಷ್ಯ ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ಅದರಲ್ಲಿ ಪೂರ್ತಿ ಸುಳ್ಳೇನಿಲ್ಲ. ಆ ವರ್ಷ ಮಳೆ ಹಿಡಿಯುವ ಮುಂಚೆ ನನ್ನ ಭಾವ, ಅಂದರೆ ಅಕ್ಕನ ಗಂಡ, ಕಳಸದಿಂದ ಜೀಪಿನಲ್ಲಿ ಒಂದು ಟಗರನ್ನು ತಂದು ಸುಮ್ಮನೆ ಕೊಟ್ಟರು. ಕೊಟ್ಟಿಗೆಹಾರದ ಹತ್ತಿರ ನಮ್ಮದು ಸಣ್ಣ ತೋಟ, ಹದಿನಾಲ್ಕು ಕುರಿ. ಒಳ್ಳೆಯ ಟಗರಿಲ್ಲ ಎಂದು ನಾನು ಅಕ್ಕನ ಹತ್ತಿರ ಗೊಣಗಿದ್ದು ನಿಜ. ಆದರೂ ಮೈಕೈ ತುಂಬಿಕೊಂಡ ಟಗರನ್ನು ಯಾರಾದರೂ ಸುಮ್ಮನೆ ಕೊಡುತ್ತಾರೆಯೇ?

"ಹದಿನೈದು ದಿನ ಬೇರೆ ಕಟ್ಟು ಮಾರಾಯ. ನಿನ್ನ ಕುರಿ ಜೊತೆ ಈಗ್ಲೇ ಬಿಡ್ಬೇಡ," ಎಂದರು ಭಾವ ಹೊರಡುವಾಗ.

ಅಷ್ಟು ಸಾಕಾಯಿತು. ಏನೂ ಇಲ್ಲದಿದ್ದರೆ ಬೇರೆ ಕಟ್ಟು ಎಂದು ಯಾಕೆ ಹೇಳಬೇಕು? ಟಗರನ್ನು ಸೌದೆ ಕೊಟ್ಟಿಗೆಯಲ್ಲಿ ಕಟ್ಟಿದೆ, ಅವರು ಹೇಳಿದರೆಂದಲ್ಲ, ಅವರ ಮೇಲಿನ ಅನುಮಾನದಿಂದ.

ಹತ್ತನೆಯ ದಿನಕ್ಕೆ ನಮ್ಮ ಕುರಿಗಳು ಕುಂಟತೊಡಗಿದವು. ಮುದಿ ಕುರಿಯೊಂದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ; ಅದು ಮಳೆಗಾಲದಲ್ಲಿ ಕುಂಟುವುದು ಇದ್ದದ್ದೇ. ಆದರೆ ಮತ್ತೊಂದು ಕುರಿ ಮುಂಗಾಲು ಎತ್ತಿಕೊಂಡು ನಿಂತಿತು, ಆಮೇಲೆ ಮೂರು, ಆಮೇಲೆ ಐದು. ಎರಡಂತೂ ಮೊಣಕಾಲೂರಿ ಮೇಯುತ್ತಿದ್ದವು. ಹಿಡಿದು ಗೊರಸಿನ ಸಂದು ಬಿಡಿಸಿದರೆ ಚರ್ಮ ಬೆಳ್ಳಗೆ ಕೊಳೆತು, ಊಟ ಸೇರದಂಥ ವಾಸನೆ. ಸೌದೆ ಕೊಟ್ಟಿಗೆಗೆ ಹೋಗಿ ನೋಡಿದೆ. ಟಗರು ನಾಲ್ಕೂ ಕಾಲೂರಿ ನಿಂತು ಮೆಲುಕು ಹಾಕುತ್ತಿತ್ತು. ರೋಗ ತಂದವನಿಗೆ ರೋಗ ಕಾಣಿಸಿಕೊಳ್ಳುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ದನದ ಡಾಕ್ಟರಿಗೆ ಫೋನ್ ಮಾಡಿದೆ. "ಗೊರಸು ಕೊಳೆ ಅದು. ಕುಂಟೋವನ್ನ ಬೇರೆ ಮಾಡಿ, ಗೊರಸು ಹೆರೆದು, ಮೈಲುತುತ್ತದ ನೀರಲ್ಲಿ ನಿಲ್ಸಿ. ಕುಡಿಯೋಕೆ ಬಿಡ್ಬೇಡಿ. ಆಮೇಲೆ ಒಣ ಜಾಗದಲ್ಲಿ ಇರ್ಲಿ," ಎಂದರು.

ಮೈಲುತುತ್ತ ಅಂದ ಕೂಡಲೇ ನನಗೆ ಧೈರ್ಯ ಬಂತು. ಎಸ್ಟೇಟೊಂದರಲ್ಲಿ ವರ್ಷಗಟ್ಟಲೆ ಕಾಫಿಯ ಕೊಳೆ ರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಕದಡಿದವನು ನಾನು. ನಾನು ಕದಡಿದ ಬೋರ್ಡೋದಲ್ಲಿ ಒಂದು ಎಲೆ ಸುಟ್ಟಿಲ್ಲ ಎಂದು ಅಲ್ಲಿ ಲೆಕ್ಕ ಬರೆಯುವ ರೈಟರೇ ಹೇಳುತ್ತಿದ್ದರು. ಅಗಲವಾದ ತೊಟ್ಟಿಯಲ್ಲಿ ಮೈಲುತುತ್ತ ಕರಗಿಸಿದೆ, ಸುಣ್ಣದ ತಿಳಿ ಬೆರೆಸಿದೆ, ಉಜ್ಜಿದ ಕತ್ತಿಯನ್ನು ಅದ್ದಿ ನೋಡಿದೆ. ಕತ್ತಿ ಕೆಂಪಾದರೆ ಮೈಲುತುತ್ತದ ಖಾರ ಇನ್ನೂ ಉಳಿದಿದೆ, ಸುಣ್ಣ ಸಾಲದು ಎಂದರ್ಥ. ನನ್ನ ಕತ್ತಿ ಹೊಳೆಯುತ್ತ ಮೇಲೆ ಬಂತು. ಮುದಿ ಕುರಿಯೊಂದನ್ನು ಬಿಟ್ಟು ಉಳಿದವನ್ನು ಒಂದೊಂದಾಗಿ ಅದರಲ್ಲಿ ನಿಲ್ಲಿಸಿದೆ.

ಮೂರು ಸಲ ಹೀಗೆ ಮಾಡಿದರೂ ಕುಂಟುವ ಕುರಿಗಳು ಎಂಟಾದವು. ನನ್ನ ಕೈಯಲ್ಲಿ ತಪ್ಪಾಗಿರಬಹುದು ಎಂದು ಒಂದು ಗಳಿಗೆಯೂ ಅನ್ನಿಸಲಿಲ್ಲ. ಅಕ್ಕನಿಗೆ ಫೋನ್ ಮಾಡಿ, "ನಿಮ್ಮನೆ ರೋಗ ನಮ್ಮನೆಗೆ ಸಾಗ್ಸಿದ್ರಲ್ಲ," ಎಂದುಬಿಟ್ಟೆ. ಅವಳು ಫೋನ್ ಇಟ್ಟುಬಿಟ್ಟಳು. ವಾರಕ್ಕೆರಡು ಸಲ ಮಾತಾಡುತ್ತಿದ್ದವಳು ಆಮೇಲೆ ಫೋನ್ ಮಾಡಲಿಲ್ಲ. "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ," ಎಂದಳು ಹೆಂಡತಿ. ನಾನು ಅವಳ ಜೊತೆಗೂ ಮುನಿಸಿಕೊಂಡೆ.

ಮುಂದಿನ ವಾರ ಭಾವ ಬಸ್ಸಿನಲ್ಲಿ ಬಂದರು. ಕಾಲಿಗೆ ಗಂಬೂಟು, ಚೀಲದಲ್ಲಿ ಗೊರಸು ಹೆರೆಯುವ ಚಾಕು. ಕಾಫಿ ಕೂಡ ಕುಡಿಯದೆ ನೇರ ಕೊಟ್ಟಿಗೆಗೆ ನಡೆದರು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ ಎಂದುಕೊಂಡು ನಾನು ಹಿಂದೆಯೇ ಹೋದೆ.

"ಔಷಧಿ ಹೇಗೆ ಮಾಡ್ತೀಯ, ತೋರ್ಸು," ಎಂದರು.

ತೋರಿಸಿದೆ. ಸುಣ್ಣ ಸುರಿಯುವಾಗ ಅವರು ನನ್ನ ಕೈ ಹಿಡಿದರು.

"ಇದು ಬೋರ್ಡೋ ಮಾರಾಯ. ಎಲೆ ಸುಡಬಾರ್ದು ಅಂತ ಸುಣ್ಣ ಹಾಕೋದು. ಗೊರಸಿಗೆ ಆ ಖಾರವೇ ಬೇಕಲ್ಲ. ಅದನ್ನೇ ಸಾಯ್ಸಿ ಕುರಿ ನಿಲ್ಸಿದ್ರೆ ವಾಸಿಯಾಗುತ್ತಾ?"

ನಾನು ಸುಣ್ಣದ ಪಾತ್ರೆ ಕೆಳಗಿಟ್ಟೆ. ಅವರು ಅಷ್ಟಕ್ಕೇ ಬಿಡದೆ ಮುದಿ ಕುರಿಯನ್ನು ಮಗುಚಿ ಕೂರಿಸಿ ಗೊರಸು ಹೆರೆದರು. ಒಳಗೆಲ್ಲ ಟೊಳ್ಳು, ಕಪ್ಪು ಕೊಳೆ.

"ಇದು ಯಾವಾಗಿಂದ ಕುಂಟ್ತಿದೆ?"

ನಾನು ಬಾಯಿ ಬಿಡುವ ಮೊದಲೇ ಹೆಂಡತಿ ಹೇಳಿದಳು: "ಎರಡು ಮಳೆಗಾಲ ಆಯ್ತು ಅಣ್ಣ."

ಟಗರು ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ. ಭಾವ ನನ್ನ ಮುಖ ನೋಡಲಿಲ್ಲ. ಮುದಿ ಕುರಿಯನ್ನು ಇನ್ನು ಉಳಿದವುಗಳ ಜೊತೆ ಬಿಡಬೇಡ ಎಂದಷ್ಟೇ ಹೇಳಿ, ಚಾಕು ತೊಳೆದು, ತೊಟ್ಟಿ ಖಾಲಿ ಮಾಡಿಸಿದರು. ಈ ಸಲ ಬರೀ ಮೈಲುತುತ್ತ ಕರಗಿಸಿದೆ. ಅಭ್ಯಾಸಬಲದಿಂದ ಕತ್ತಿ ಅದ್ದಿದೆ; ತಾಮ್ರದ ಹಾಗೆ ಕೆಂಪಾಗಿ ಬಂತು. ಎಸ್ಟೇಟಿನಲ್ಲಾದರೆ ನಾಚಿಕೆಯಾಗಬೇಕಿದ್ದ ಕತ್ತಿ ಅದು. ಕುರಿಗಳನ್ನು ಅದರಲ್ಲಿ ನಿಲ್ಲಿಸಿ, ಹಲಗೆ ಹಾಸಿದ ಒಣ ಜಗುಲಿಗೆ ಹತ್ತಿಸಿದೆವು.

ಬಸ್ಸಿನ ಹೊತ್ತಾಯಿತೆಂದು ಹೊರಟ ಭಾವ ತಿರುಗಿ ಬಂದರು. ಗಂಬೂಟು ಸಮೇತ ಆ ತೊಟ್ಟಿಯೊಳಗಿಳಿದು, ಕೊಡೆ ಹಿಡಿದುಕೊಂಡು ಸುಮ್ಮನೆ ನಿಂತರು.

"ಇದ್ಯಾಕೆ ಭಾವ?"

"ನಮ್ಮನೇಲೂ ಕುರಿ ಇದಾವಲ್ಲ," ಎಂದರು, ಮೆಲ್ಲಗೆ.

ಅವರು ಬಸ್ಸು ಹತ್ತಿದ ಮೇಲೆ ಅಕ್ಕನಿಗೆ ಫೋನ್ ಮಾಡಿದೆ. ನನಗೆ ತುಂಬಾ ನಾಚಿಕೆಯಾಗಿತ್ತು. ರೋಗ ನಮ್ಮದೇ ಕಣೆ, ತಪ್ಪಾಯ್ತು, ಎಂದೆ.

"ಅವ್ರು ಬೂಟು ಸರಿಯಾಗಿ ತೊಳ್ಕೊಂಡ್ರಾ? ನೀನು ಕಣ್ಣಾರೆ ನೋಡಿದ್ಯಾ?" ಎಂದು ಕೇಳಿದಳು.