ಹನ್ನೆರಡರ ತನಕ ನೇರಪ್ರಸಾರ

ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗೋದಾಮೊಂದರ ಮೇಲಿನ ಕೋಣೆಯಿಂದ ಪ್ರತಿ ಶನಿವಾರ ರಾತ್ರಿ ಹತ್ತೂವರೆಗೆ ನಮ್ಮ ಹಾಡು-ಕುಣಿತದ ಕಾರ್ಯಕ್ರಮ ನೇರವಾಗಿ ಪ್ರಸಾರವಾಗುತ್ತಿತ್ತು. ಊರಿನ ಕೇಬಲ್ ಚಾನೆಲ್ಲು ಅದು. ಹಗಲೆಲ್ಲ ಭಜನೆ, ಸೀರೆ ಅಂಗಡಿಯ ಜಾಹೀರಾತು. ನಮಗೆ ಸಿಕ್ಕಿದ್ದು ಯಾರಿಗೂ ಬೇಡವಾದ ಹೊತ್ತು. ಆದರೂ ಜನ ನೋಡುತ್ತಿದ್ದರು. ಶಹಾಬಾದ, ವಾಡಿ, ರಾವೂರದ ಮನೆಗಳಿಗೆ ಕೇಬಲ್ಲಿನಲ್ಲಿ ಹೋಗುತ್ತಿತ್ತು. ಸೇಡಂ, ಚಿತ್ತಾಪುರದ ಕಡೆಯವರು ಮೊಬೈಲಿನಲ್ಲಿ ನೋಡಿ ಫೋನ್ ಮಾಡುತ್ತಿದ್ದರು.

ನಾನು ನಿರೂಪಕಿ. ವಾರವೆಲ್ಲ ವಾಡಿಯ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಶನಿವಾರ ರಾತ್ರಿ ಮಾತ್ರ ದೊಡ್ಡ ಲೈಟುಗಳ ಸೆಕೆಯಲ್ಲಿ ಕೂತು, 'ಹಲೋ, ಯಾರು ಮಾತಾಡ್ಲಿಕತ್ತೀರಿ?' ಎನ್ನುವುದು ನನಗೆ ಭಾಳ ಹಿಡಿಸಿತ್ತು.

ಕುಣಿಯಲು ಬರುತ್ತಿದ್ದವರಲ್ಲಿ ರಾವೂರದ ಒಬ್ಬ ಹುಡುಗಿ ಇದ್ದಳು. ವಯಸ್ಸು ಇಪ್ಪತ್ತು, ಶಹಾಬಾದದ ಆಸ್ಪತ್ರೆಯೊಂದರ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಕಲಿಯುತ್ತಿದ್ದಳು, ಶನಿವಾರ ಊರಿಗೆ ಹೋಗುತ್ತಿದ್ದಳು. ಯಾರ ಹತ್ತಿರವೂ ಕುಣಿತ ಕಲಿತವಳಲ್ಲ. ಮೊಬೈಲ್ ನೋಡಿ ನೋಡಿಯೇ ಕೈಕಾಲು ಪಳಗಿದ್ದವು. ಬಂದ ಮೊದಲ ವಾರವೇ ನಗುತ್ತ ನನಗೆ ಹೇಳಿದ್ದಳು: "ಮೇಡಂ, ಮನ್ಯಾಗ ನೈಟ್ ಡ್ಯೂಟಿ ಅದ ಅಂತ ಹೇಳಿ ಬಂದೀನಿ. ಅವ್ರು ಒಂಬತ್ತಕ್ಕೇ ಮಲಗ್ತಾರ, ಟಿವಿ ನೋಡಂಗಿಲ್ಲ." ನಾನೂ ನಕ್ಕಿದ್ದೆ. ಆ ನಗೆ ಈಗ ನೆನಪಾದರೆ ನಾಚಿಕೆಯಾಗುತ್ತದೆ.

ಅದು ಕಾರ್ಯಕ್ರಮದ ಎಂಟನೆಯ ಶನಿವಾರ. ಹುಡುಗಿ ನೀಲಿ ಲಂಗ ತೊಟ್ಟು ಕುಣಿಯುತ್ತಿದ್ದಳು. ಹಾಡು ನಡೆಯುವಾಗ ಬಂದ ಫೋನುಗಳನ್ನು ನಾನೇ ಎತ್ತಿ, ಒಳ್ಳೆಯ ಮಾತಾಡುವವರನ್ನು ಆರಿಸಿ, ಹಾಡು ಮುಗಿದ ಮೇಲೆ ಎಲ್ಲರಿಗೂ ಕೇಳುವಂತೆ ಮಾತಾಡಿಸುತ್ತಿದ್ದೆ. ಹನ್ನೊಂದೂಕಾಲು ದಾಟಿತ್ತು. ಫೋನ್ ಎತ್ತಿದೆ.

"ನೀಲಿ ಲಂಗದಾಕಿ ನನ್ ತಂಗಿ," ಅಂದಿತು ಒಂದು ಗಂಡಸಿನ ದನಿ. ಕೂಗಲಿಲ್ಲ, ಬೈಯಲಿಲ್ಲ. "ರಾವೂರದಿಂದ ಹೊಂಟೀನಿ. ಆಕಿಗಿ ಅಲ್ಲೇ ನಿಂದ್ರಸ್ರಿ."

ಫೋನ್ ಕಟ್ಟಾಯಿತು. ರಾವೂರದಿಂದ ಶಹಾಬಾದಕ್ಕೆ ಬೈಕಿನಲ್ಲಿ ಬಂದರೆ ಅರ್ಧ ತಾಸು.

ಹಾಡು ಮುಗಿದಾಗ ಜಾಹೀರಾತು ಹಾಕಿಸಿ, ಚಾನೆಲ್ಲಿನ ಮಾಲೀಕರನ್ನೂ ಹುಡುಗಿಯನ್ನೂ ಮೂಲೆಗೆ ಕರೆದು ವಿಷಯ ಹೇಳಿದೆ. ಮಾಲೀಕರು ಐವತ್ತು ದಾಟಿದ ಮನುಷ್ಯ, ಕೆಟ್ಟವರಲ್ಲ, ಅಂಜುಬುರುಕರು. "ಹಿಂದಿನ ಮೆಟ್ಟಲದಿಂದ ಈಕಿಗಿ ಕಳಿಸ್ಬಿಡ್ರಿ ಮೇಡಂ. ನಮಗ್ಯಾಕ ಈ ಉಸಾಬರಿ?" ಅಂದರು.

"ಎಲ್ಲಿಗಿ ಹೋಗ್ಲಿ ನಾ?" ಹುಡುಗಿ ಕೇಳಿದಳು. "ಹಾಸ್ಟೆಲ್ ಬಾಗಿಲಾ ಒಂಬತ್ತಕ್ಕ ಹಾಕ್ತಾರ. ಪ್ರತಿ ವಾರದಂಗ ಆಸ್ಪತ್ರ್ಯಾಗ ಗೆಳತ್ಯಾರ ಹತ್ರ ಹೋಗಮು ಅಂದ್ರ ಅಣ್ಣ ರಸ್ತೆದಾಗೇ ಸಿಗ್ತಾನ."

ಆಗ ನನಗೆ ಒಂದೇ ವಿಚಾರ ಹೊಳೆಯಿತು. ಕತ್ತಲ ರಸ್ತೆಯಲ್ಲಿ ಇವಳಿಗೆ ಏನಾದರೂ ಆದರೆ ನೋಡುವವರಿಲ್ಲ. ಇಲ್ಲಿ ಕ್ಯಾಮೆರಾ ಇದೆ, ಊರೆಲ್ಲ ನೋಡುತ್ತಿದೆ. "ಇವಳು ಎಲ್ಲಿಗೂ ಹೋಗೂದು ಬ್ಯಾಡ," ಅಂದೆ. "ಹನ್ನೆರಡರ ತನಕ ಕ್ಯಾಮೆರಾದ ಮುಂದೇ ಇರ್ಲಿ."

"ನಾಳಿ ನನ್ ಆಫೀಸಿಗಿ ಕಲ್ಲು ಬಿದ್ರ?"

"ನಾಳಿ ನೋಡಮು."

ಹುಡುಗಿಯನ್ನು ನನ್ನ ಪಕ್ಕದ ಸೋಫಾದಲ್ಲಿ ಕೂರಿಸಿ, ಬೇರೆಯವರ ಎರಡು ಕುಣಿತ ಮುಗಿದ ಮೇಲೆ ಮಾತಿಗೆಳೆದೆ. ಏನು ಕೇಳಬೇಕೋ ತೋಚದೆ, ರೂಢಿಯಂತೆ "ಮನ್ಯಾಗ ಯಾರ‍್ಯಾರು ಅದೀರವ್ವಾ?" ಅಂದುಬಿಟ್ಟೆ. ಆಡಿದ ಮೇಲೆ ನಾಲಗೆ ಕಚ್ಚಿಕೊಂಡೆ.

ಅವಳು ಮೈಕನ್ನು ಬಾಯಿಯ ಹತ್ತಿರ ತಂದಳು. "ಅವ್ವ, ಅಣ್ಣ. ಅಪ್ಪ ಕಲ್ಲಿನ ಗಣಿಯಾಗ ಕೆಲಸಕ್ಕಿದ್ದ. ನಾ ಸಣ್ಣಾಕಿ ಇದ್ದಾಗೇ ಹೋದ. ಅಣ್ಣ ಸಾಲಿ ಬಿಟ್ಟು ಟಿಪ್ಪರ್ ಓಡ್ಸಿ ನನಗ ಓದಿಸ್ಲಿಕತ್ತಾನ." ಅಷ್ಟಕ್ಕೇ ನಿಲ್ಲಿಸುತ್ತಾಳೆ ಅಂದುಕೊಂಡೆ. ಕ್ಯಾಮೆರಾದ ಕಡೆ ನೋಡಿ ಮತ್ತೆ ಅಂದಳು: "ಮನ್ಯಾಗ ಸುಳ್ಳು ಹೇಳಿ ಇಲ್ಲಿಗಿ ಬಂದೀನಿ ನಾ. ಅದು ತಪ್ಪು. ಕುಣಿದದ್ದು ತಪ್ಪಲ್ಲ."

ಕೆಳಗೆ ಬೈಕ್ ನಿಂತ ಸದ್ದು ಕೇಳಿತು. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ.

ಅವನಿಗೆ ಇಪ್ಪತ್ತೇಳು-ಇಪ್ಪತ್ತೆಂಟು ಇರಬೇಕು. ಅಂಗಿಯ ಗುಂಡಿ ಮೇಲುಕೆಳಗಾಗಿತ್ತು. ಅವಸರದಲ್ಲಿ ಹಾಕಿಕೊಂಡು ಬಂದಿದ್ದ. ಬಾಗಿಲಿಗೆ ಅಡ್ಡ ನಿಂತ ಮಾಲೀಕರನ್ನು ಒಂದೇ ಕೈಯಲ್ಲಿ ಸರಿಸಿ ಒಳಗೆ ಬಂದ. ನಾನು ಮೈಕಿನಲ್ಲೇ ಅಂದೆ: "ಬರ್ರಿ ಅಣ್ಣಾರ. ಇವ್ರು ನಮ್ಮ ಹುಡುಗಿ ಅಣ್ಣ. ಕುಂದ್ರಿ."

ಕ್ಯಾಮೆರಾ ಅವನತ್ತ ತಿರುಗಿತು. ಬೆಳಕು ಕಣ್ಣಿಗೆ ಹೊಡೆದು ಅವನು ಅಲ್ಲೇ ನಿಂತ. "ಅದನ್ನ ಬಂದ್ ಮಾಡ್ರಿ," ಅಂದ. ಯಾರೂ ಮಾಡಲಿಲ್ಲ. ಅವನು ತಂಗಿಯ ಕಡೆ ಎರಡು ಹೆಜ್ಜೆ ಇಟ್ಟ. ನಾನು ಎದ್ದು ನಡುವೆ ನಿಂತೆ.

ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಎತ್ತಲಿಲ್ಲ. ಸದ್ದು ನಿಂತು ಮತ್ತೆ ಹೊಡೆದುಕೊಂಡಿತು. ಮೂರನೆಯ ಸಲ ತೆಗೆದು ಕಿವಿಗೆ ಹಿಡಿದ. ಆ ಕಡೆಯ ಮಾತು ನಮಗೆ ಕೇಳಲಿಲ್ಲ. ಅವನು "ಹೂಂ" ಅಂದ. ಮತ್ತೊಮ್ಮೆ "ಹೂಂ" ಅಂದ. ಆಮೇಲೆ ಗೋಡೆಗೆ ತಾಗಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೆಲ ನೋಡತೊಡಗಿದ.

ಉಳಿದದ್ದು ಒಂದು ಹಾಡಿನ ಹೊತ್ತು. ಹುಡುಗಿ ಕುಣಿದಳು. ಚಂದ ಕುಣಿದಳು ಅಂತ ಹೇಳಲಾರೆ. ಎರಡು ಕಡೆ ತಾಳ ತಪ್ಪಿತು, ಒಮ್ಮೆ ಬೀಳುವಂತಾಗಿ ಸಾವರಿಸಿಕೊಂಡಳು. ಅಣ್ಣ ತಲೆ ಎತ್ತಿದ್ದನ್ನು ನಾನು ಕಾಣಲಿಲ್ಲ.

ಹನ್ನೆರಡಕ್ಕೆ ಲೈಟು ಆರಿಸಿದರು. ಅವನು ನೇರ ನನ್ನ ಹತ್ತಿರ ಬಂದ. "ನೀವು ಸಾಲಿ ಟೀಚರ್ ಅಂತ. ಈಕಿ ಮನ್ಯಾಗ ಕೇಳಿ ಬಂದಾಳೋ ಇಲ್ಲೋ ಅಂತ ನಿಮಗ ಗೊತ್ತಿದ್ದಿಲ್ಲೇನ್ರಿ?"

"ಗೊತ್ತಿತ್ತು," ಅಂದೆ. ಬೇರೆ ಏನು ಹೇಳಲಿ?

ಎಂದಿನಂತೆ ನನ್ನನ್ನು ಕರೆದೊಯ್ಯಲು ನನ್ನ ಯಜಮಾನರು ಕೆಳಗೆ ಬೈಕಿನಲ್ಲಿ ಕಾಯುತ್ತಿದ್ದರು. ಅಣ್ಣ ತಂಗಿಯನ್ನು ತನ್ನ ಬೈಕಿಗೆ ಹತ್ತಿಸಿದಾಗ, ಮನೆಗೆ ಹೋಗುವುದು ಬೇಡ, ಅವರ ಹಿಂದೆ ನಡೀರಿ ಅಂದೆ. ವಾಡಿ ದಾಟಿ ರಾವೂರದವರೆಗೂ ಅಣ್ಣ-ತಂಗಿಯ ಬೈಕಿನ ಕೆಂಪು ದೀಪದ ಮೇಲಿಂದ ನಾನು ಕಣ್ಣು ತೆಗೆಯಲಿಲ್ಲ. ಅದು ಎಲ್ಲಿಯೂ ನಿಲ್ಲಲಿಲ್ಲ.

ತಾಯಿ ಬಾಗಿಲಲ್ಲೇ ನಿಂತಿದ್ದರು. ಮಗಳನ್ನು ಒಳಗೆ ಕಳಿಸಿ ನನ್ನನ್ನು ನೋಡಿದರು. "ಮಗ್ಗಲ ಮನಿಯವ್ರು ಎಬ್ಬಿಸಿ ಹೇಳ್ದಾಗಿಂದ ಟಿವಿ ನೋಡ್ಲಿಕತ್ತಿದ್ದೆ. ಊರೆಲ್ಲ ನೋಡ್ಯಾರ. ಆಕಿ ಮ್ಯಾಲ ಕೈ ಮಾಡಿದ್ರ ನಾಳಿಯಿಂದ ನನಗ ಅವ್ವಾ ಅನಬ್ಯಾಡ ಅಂತ ಹೇಳ್ದೆ ಮಗನಿಗಿ." ಬಾಗಿಲಿನಿಂದ ಸರಿದು, "ನಾಳಿ ಆಕಿಗಿ ನಾ ಬೈತೀನಿ, ಅದು ಬ್ಯಾರೆ. ಒಳಗ ಬರ್ರಿ, ರೊಟ್ಟಿ ಅದಾವ," ಅಂದರು. ಉಂಡು ಬಂದೆವು. ಮಗ ಕಟ್ಟೆಯ ಮೇಲೆ ಕೂತಿದ್ದ, ಒಳಗೆ ಬರಲಿಲ್ಲ.

ಮುಂದಿನ ಶನಿವಾರ ಕುಣಿಯಲು ಇಬ್ಬರೇ ಬಂದರು. ಜಾಹೀರಾತು ಕೊಡುತ್ತಿದ್ದ ಸೀರೆ ಅಂಗಡಿಯವರು ಸದ್ದಿಲ್ಲದೆ ಹಿಂದೆ ಸರಿದರು. ಅದೇ ಕೊನೆಯದಾಯಿತು. ಹತ್ತನೆಯ ಶನಿವಾರ ಆ ಹೊತ್ತಿಗೆ ಹಳೆಯ ಭಜನೆ ಹಾಕಿದ್ದರು. ಮಾಲೀಕರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಮೇಲೆ ಎಷ್ಟಿದೆ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.

ಅಣ್ಣ ತಂಗಿಯ ಜೊತೆ ತಿಂಗಳುಗಟ್ಟಲೆ ಮಾತಾಡಲಿಲ್ಲವಂತೆ. ಫೀ ಮಾತ್ರ ತಪ್ಪದೆ ಕಟ್ಟಿದ. ಓದು ಮುಗಿದು ಅವಳಿಗೆ ಚಿಂಚೋಳಿ ಕಡೆಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಹಾಜರಾಗುವ ದಿನ ಟ್ರಂಕು ಹೊತ್ತು ಬಸ್ಸಿನಲ್ಲಿ ಜೊತೆಗೆ ಹೋದವನು ಅವನೇ. ಸೇಡಂನಲ್ಲಿ ಬಸ್ ಬದಲಿಸುವಾಗ ಚಹಾ ಕೊಡಿಸಿ, "ಅವತ್ತು ಕೊನಿ ಹಾಡಿನ್ಯಾಗ ಬೀಳ್ಲಿಕತ್ತಿದ್ದಿ. ಕಾಲಿಗಿ ಏನರ ಆಗಿತ್ತೇನು?" ಅಂತ ಕೇಳಿದನಂತೆ.

"ಏನೂ ಆಗಿದ್ದಿಲ್ಲ, ನಿನಗ ಅಂಜಿದ್ದೆ," ಅಂದಳಂತೆ ಅವಳು. ಅವನು ಚಹಾ ಕುಡಿದು ಟ್ರಂಕು ಎತ್ತಿಕೊಂಡ.